ಕೆಳಮನೆಯ ಟ್ರಕ್ಕು ಸೋರುತ್ತಿದೆ

ಸೆಪ್ಟೆಂಬರ್ 4, ಬುಧವಾರ

ಮಾತಾಡುವ ಹಾಗಿಲ್ಲ. ಪಿಸುಗುಟ್ಟುವ ಹಾಗೂ ಇಲ್ಲ. ಗಂಟಲಿಗೆ ಕೂಗಿಗಿಂತ ಪಿಸುಮಾತೇ ಕೇಡಂತೆ. ಇವತ್ತು ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರಮ್ಮ ನನ್ನ ಎರಡೂ ಕೈ ಹಿಡಿದುಕೊಂಡು, "ನೋಡಿ ಬಿಸೆರ್ಕಾ, ನಿಮ್ಮ ಗಂಟಲು ಈಗ ತಾನೇ ಸಾರಿಸಿದ ನೆಲ ಇದ್ದಂಗೆ. ಒಣಗೋ ತನಕ ಅದರ ಮೇಲೆ ಒಂದು ಬೆಕ್ಕೂ ಓಡಾಡಕೂಡದು" ಅಂದರು. ಹೂಂ ಅನ್ನಲು ಬಾಯಿ ತೆರೆದೆ. ಅವರು ಕಣ್ಣು ಕೆಕ್ಕರಿಸಿದರು. ಮುಚ್ಚಿದೆ.

ನಮ್ಮ ಸೊಂಬೊರ್ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾ ಅರ್ಧ ಆಯಸ್ಸು ಕೂಗಿದ್ದೇನೆ. "ಕಾಲು ಬಡಿ! ಮೂಗಿಂದ ಉಸಿರು ಬಿಡು! ಅಂಚಲ್ಲಿ ಓಡ್ಬೇಡ!" ಈ ಊರಲ್ಲಿ ಈಜು ಬಲ್ಲವರಲ್ಲಿ ಎಷ್ಟೋ ಜನ ನನ್ನ ಕೂಗಿಗೆ ಹೆದರಿಯೇ ತೇಲಲು ಕಲಿತವರು. ಅದರ ಫಲ, ಗಂಟಲಲ್ಲಿ ಒಂದು ಗಂಟು. ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಆ ವಿಷಯ ಬರೆಯಲು ಮನಸ್ಸಿಲ್ಲ.

ಆದರೆ ಯಾರ ಜೊತೆಗಾದರೂ ಮಾತಾಡದೆ ನಾನು ಬದುಕುವುದು ಹೇಗೆ? ಗಂಡ ಬಿಟ್ಟುಹೋಗಿ ಎಷ್ಟೋ ವರ್ಷವಾಯಿತು. ಹೋಗುವಾಗ "ನಿನ್ನ ಜೊತೆ ಸಂಸಾರ ಅಂದ್ರೆ ಸೈರನ್ ಕೆಳಗೆ ಮಲಗಿದಂಗೆ ಕಣೇ" ಅಂದಿದ್ದ. ಈಗ ಬಂದು ನೋಡಲಿ, ಮನೆ ಎಷ್ಟು ತಣ್ಣಗಿದೆ ಅಂತ. ಅದಕ್ಕೇ ಈ ಪುಸ್ತಕ ಶುರು ಮಾಡಿದ್ದೇನೆ. ಇಲ್ಲಿ ಎಷ್ಟು ಬೇಕಾದರೂ ಕೂಗಬಹುದು.

ಸೆಪ್ಟೆಂಬರ್ 5, ಗುರುವಾರ

ತಂಗಿ ವಿದಾ ಫೋನು ಮಾಡಿದಳು. ಹೌದು ಅಂದರೆ ಉಗುರಲ್ಲಿ ಒಂದು ಸಲ ತಟ್ಟಬೇಕು, ಇಲ್ಲ ಅಂದರೆ ಎರಡು ಸಲ ಅಂತ ಒಪ್ಪಂದ.

"ಊಟ ಆಯ್ತೇನೇ?"

ಟಕ್.

"ಅಳ್ತಾ ಕೂತಿದ್ದೀಯಾ?"

ಟಕ್ ಟಕ್.

"ಸುಳ್ಳು ಹೇಳ್ಬೇಡ!"

ಇದಕ್ಕೆ ಏನು ತಟ್ಟಬೇಕೋ ತಿಳಿಯದೆ ಫೋನು ಇಟ್ಟೆ.

ಆಮೇಲೆ ಅಡುಗೆಮನೆಗೆ ಹೋದರೆ ಅದೇ ಪೆಟ್ರೋಲ್ ವಾಸನೆ. ಇಡೀ ಊರು ಅಂಗಳದಲ್ಲಿ ಕೆಂಪು ಮೆಣಸು ಸುಟ್ಟು ಚಳಿಗಾಲಕ್ಕೆ ಅಯ್ವಾರ್ ಚಟ್ನಿ ಕಾಯಿಸುವ ದಿನಗಳಿವು. ಬೀದಿ ತುಂಬ ಸುಟ್ಟ ಮೆಣಸಿನ ಘಮ, ನನ್ನ ಮನೆಯೊಳಗೆ ಮಾತ್ರ ಪೆಟ್ರೋಲ್ ಬಂಕು. ಇದೆಲ್ಲ ಕೆಳಮನೆಯವನ ಕೃಪೆ. ವೆಲಿಮಿರ್ ಅಂತ ಹೆಸರು, ಬೇಕರಿ ಕೆಲಸ. ವಸಂತದಲ್ಲಿ ಬಂದು ಸೇರಿಕೊಂಡ. ನನಗಿಂತ ದೊಡ್ಡವನೇ ಇರಬೇಕು, ಆದರೆ ನೆಲಮಾಳಿಗೆಯಲ್ಲಿ ಕೂತು ಆಟಿಕೆ ಲಾರಿ ರಿಪೇರಿ ಮಾಡುತ್ತಾನೆ. ರಿಮೋಟಿನಲ್ಲಿ ಓಡುವಂಥದ್ದು, ನಿಜವಾದ ಪೆಟ್ರೋಲ್ ಇಂಜಿನ್ನು. ಅದು ಸೋರುತ್ತದೆ, ವಾಸನೆ ನೇರ ನನ್ನ ಒಲೆಗೆ ಬರುತ್ತದೆ.

ಕಟ್ಟಡದ ಅಧ್ಯಕ್ಷೆ ನಾನೇ. ಆಪರೇಷನ್ನಿಗೆ ಮೊದಲೇ ನೋಟೀಸು ಅಂಟಿಸಿ ಬಂದಿದ್ದೇನೆ: ಇಪ್ಪತ್ತೆಂಟನೇ ತಾರೀಕು ಶನಿವಾರ ಎಲ್ಲರ ಸಭೆ, ವಿಷಯ ನೆಲಮಾಳಿಗೆಯ ಪೆಟ್ರೋಲ್. ಮೂರನೇ ಮಹಡಿಯ ಸ್ರೆದೊಯೆ ತಾತ ಆಗಲೇ ಮೀಸೆ ತಿರುವುತ್ತಾ "ಆಟಿಕೆ ಬೀದಿಗೆ, ಅವನು ಬೇಕಾದ್ರೆ ಒಳಗಿರ್ಲಿ" ಅಂತ ತೀರ್ಪು ಕೊಟ್ಟಾಗಿದೆ.

ಸೆಪ್ಟೆಂಬರ್ 7, ಶನಿವಾರ

ತಡೆಯಲಾಗಲಿಲ್ಲ. ಈಜುಕೊಳದ ಸೀಟಿ ಕೊರಳಿಗೆ ಹಾಕಿಕೊಂಡು ನೆಲಮಾಳಿಗೆಗೆ ಇಳಿದೆ. ಬಾಗಿಲಲ್ಲಿ ನಿಂತು ಊದಿದೆ ನೋಡಿ, ಆಸಾಮಿ ಸ್ಟೂಲಿನಿಂದ ಅಷ್ಟೆತ್ತರ ಹಾರಿದ.

"ಮೇ... ಮೇ..." ಅಂದ.

ಅವನಿಗೆ ಉಗ್ಗು. ಅವನು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನನ್ನ ಒಲೆಯ ಮೇಲಿನ ಬೀನ್ಸ್ ಬೆಂದಿರುತ್ತದೆ. ಅದಕ್ಕೇ ಸಿಕ್ಕಾಗಲೆಲ್ಲ ಪಾಪ ಅಂತ ನಾನೇ ಮುಗಿಸಿಕೊಡುತ್ತಿದ್ದೆ. ಇವತ್ತು ಆ ಉಪಕಾರ ಮಾಡುವ ಹಾಗಿಲ್ಲ. ಕೈಕಟ್ಟಿ ನಿಂತೆ.

"ಮೇ... ಮೇಲ್ಮನೆಯವ್ರೇ, ಗಂಟಲು ಹೇಗಿದೆ?" ಅಂದ.

ನಾನು ಬೈಗುಳದ ಸಿದ್ಧತೆಯಲ್ಲಿದ್ದೆ. ಈ ಪ್ರಶ್ನೆಗೆ ಸಿದ್ಧತೆ ಇರಲಿಲ್ಲ. ಮೂಗು ಮುಚ್ಚಿಕೊಂಡು ಆ ಆಟಿಕೆಯತ್ತ ಬೆರಳು ತೋರಿಸಿದೆ.

ಆಟಿಕೆ ಅಂದೆ, ಆದರೆ ಒಂದು ಕುರಿಮರಿಯಷ್ಟು ಉದ್ದ ಇದೆ. ಚಕ್ರ ಒಂದೊಂದೂ ಸೂಪ್ ಬಟ್ಟಲಿನಷ್ಟು. ನಡುವೆ ಇಂಜಿನ್ನು, ಪಕ್ಕದಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಟ್ಯಾಂಕು, ಅದರಿಂದ ಹೊರಟ ಎರಡು ನೀಲಿ ಟ್ಯೂಬು. ಕೆಳಗೆ ಹಾಸಿದ ಪೇಪರ್ ಪೂರ್ತಿ ಒದ್ದೆ.

ಅವನು ವಿವರಿಸಿದ. ನಿಧಾನವಾಗಿ, ಅಲ್ಲಲ್ಲಿ ಸಿಕ್ಕಿಕೊಂಡು. ಬೇರೆ ದಾರಿಯಿಲ್ಲದೆ ಪೂರ್ತಿ ಕೇಳಿದೆ. ಮೊದಲು ಅವನ ಹತ್ತಿರ ಇದ್ದದ್ದು ಸ್ಪಿರಿಟ್ಟಿನಿಂದ ಓಡುವ ಸಣ್ಣ ಕಾರಂತೆ. ಅದರ ಸಿಲಿಕೋನ್ ಟ್ಯೂಬು ಉಳಿದಿತ್ತು, ಇದಕ್ಕೆ ಹಾಕಿದ. "ಪೆಟ್ರೋಲ್ ಕುಡಿದ್ರೆ ಸಿಲಿಕೋನ್ ಊದಿಕೊಳ್ಳುತ್ತೆ. ನಮ್ಮ ಸ್ರೆದೊಯೆ ತಾತ ರಕಿಯಾ ಸಾರಾಯಿ ಕುಡಿದಂಗೆ. ಆಮೇಲೆ ಎಲ್ಲಿ ಹಿಡ್ಕೊಂಡಿದ್ರೂ ಜಾರಿ ಬೀಳುತ್ತೆ."

ನಗು ಬಂತು. ನಗುವುದಕ್ಕೂ ಧ್ವನಿ ಬೇಕು. ನಕ್ಕರೆ ಡಾಕ್ಟರಮ್ಮ ಬಿಡುವುದಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮೇಲೆ ಓಡಿಬಂದೆ. ಬೈದದ್ದಂತೂ ಆಗಲಿಲ್ಲ.

ಸೆಪ್ಟೆಂಬರ್ 8, ಭಾನುವಾರ

ವಾಸನೆ ಇದೆ. ಯಾರೂ ಬರಲಿಲ್ಲ.

ಸೆಪ್ಟೆಂಬರ್ 11, ಬುಧವಾರ

ಅಧ್ಯಕ್ಷೆಯಾದ ಮೇಲೆ ತಪಾಸಣೆ ಮಾಡಬೇಕಲ್ಲ, ಅದಕ್ಕೇ ಕೆಳಗಿಳಿದೆ. ಈ ಸಲ ಸೀಟಿ ಬಿಟ್ಟು, ಮಕ್ಕಳು ಎಷ್ಟು ಸುತ್ತು ಈಜಿದರು ಅಂತ ಬರೆಯುವ ಬಿಳಿ ಹಲಗೆ ಮತ್ತು ಪೆನ್ನು ತಂದಿದ್ದೆ.

ನೋವಿ ಸಾದ್ ನಗರದಿಂದ ಯಾರೋ ಗೆಳೆಯ ಬಸ್ ಡ್ರೈವರ್ ಕೈಯಲ್ಲಿ ಪೆಟ್ರೋಲಿಗೆಂದೇ ಮಾಡಿದ ಹಳದಿ ಟ್ಯೂಬು ಕಳಿಸಿದ್ದ. ವೆಲಿಮಿರ್ ಅದನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗೆ ಮಾಡಿ, ಮೂತಿಗೆ ತುರುಕಿದ. ಟ್ಯಾಂಕಿನ ಮುಚ್ಚಳದೊಳಗಿನ ರಬ್ಬರ್ ಉಂಗುರ ಚಪ್ಪಟೆಯಾಗಿತ್ತು, ಅದನ್ನೂ ಬದಲಾಯಿಸಿದ. ಟಾರ್ಚು ನಾನು ಹಿಡಿದೆ. ಯಾಕೆಂದರೆ ಅವನು ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮಾತಾಡಲು ನೋಡುತ್ತಿದ್ದ. ಮೊದಲೇ ಉಗ್ಗು, ಇನ್ನು ಟಾರ್ಚು ಬೇರೆ.

ಹೊರಡುವಾಗ ಕಾಗದದಲ್ಲಿ ಸುತ್ತಿದ ಬೆಣ್ಣೆ ಬನ್ನು ಕೊಟ್ಟ. "ಮೆತ್ತಗಿದೆ, ಗಂಟಲಿಗೆ ಚುಚ್ಚಲ್ಲ. ನಿಮಗೇ ಅಂತ ಮೇಲಿನ ಪದರ ಕಮ್ಮಿ ಬೇಯಿಸಿದ್ದೀನಿ."

ಹಲಗೆಯಲ್ಲಿ "ಲಂಚ" ಅಂತ ಬರೆದು ತೋರಿಸಿದೆ.

"ಹೌದು," ಅಂದರು, ಒಂದಿಷ್ಟೂ ಉಗ್ಗದೆ.

ಬನ್ನು ಚೆನ್ನಾಗಿತ್ತು.

ಸೆಪ್ಟೆಂಬರ್ 13, ಶುಕ್ರವಾರ

ಆಸ್ಪತ್ರೆಯಿಂದ ಸಂದೇಶ ಬಂತು. ಗಂಟು ಕೆಟ್ಟದ್ದಲ್ಲ. ಕೆಟ್ಟದ್ದಲ್ಲ. ಕೆಟ್ಟದ್ದಲ್ಲ.

ಇಷ್ಟು ದಿನ ಅದರ ಬಗ್ಗೆ ಯೋಚಿಸಿಯೇ ಇಲ್ಲ ಅಂದುಕೊಂಡಿದ್ದೆ. ಸಂದೇಶ ಓದಿದ ಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಗಲೇ ನೆಲಮಾಳಿಗೆಯ ಅರ್ಧ ದಾರಿಯಲ್ಲಿದ್ದೆ ಅಂತ ತಿಳಿದದ್ದು ಕೂತ ಮೇಲೆ. ವೆಲಿಮಿರ್ ಗ್ರೀಸು ಮೆತ್ತಿದ ಕೈಯಲ್ಲೇ ಬಂದರು. ಫೋನು ತೋರಿಸಿದೆ. ಓದಿದರು. ಏನೋ ಹೇಳಲು ಹೋದರು, ಮೊದಲ ಅಕ್ಷರವೇ ಹೊರಡಲಿಲ್ಲ. ಬಿಟ್ಟುಬಿಟ್ಟರು. ಪಕ್ಕದ ಮೆಟ್ಟಿಲ ಮೇಲೆ ಕೂತರು. ಇಬ್ಬರು ಮೂಕರು ಹಾಗೇ ಸುಮಾರು ಹೊತ್ತು ಕೂತಿದ್ದೆವು. ಸ್ರೆದೊಯೆ ತಾತ ಹಾದುಹೋಗುತ್ತಾ "ಯಾರಾದ್ರೂ ಹೋಗಿಬಿಟ್ರಾ?" ಅಂತ ಕೇಳಿದರು.

ವಿದಾಗೆ ಸಂಜೆ ತಿಳಿಸಿದೆ. "ಮೊದಲು ನಂಗಲ್ವೇನೇ ಹೇಳೋದು!" ಅಂತ ಅತ್ತಳು, ಬೈದಳು, ಮತ್ತೆ ಅತ್ತಳು. ಅವಳ ಫೋನು ಎಂಗೇಜ್ ಇದ್ದಿರಬೇಕು.

ಸೆಪ್ಟೆಂಬರ್ 16, ಸೋಮವಾರ

ಟ್ರಕ್ಕು ಇನ್ನೂ ಸೋರುತ್ತಿದೆ. ಮೊದಲಿನಷ್ಟಿಲ್ಲ, ಹನಿ ಹನಿ. ಟ್ಯೂಬುಗಳು ಟ್ಯಾಂಕಿನೊಳಗೆ ಹೋಗುವ ಕಡೆ ಒಂದು ರಬ್ಬರ್ ಬಿರಡೆ ಇದೆ. ಅದರ ಮೇಲೆ ಅನುಮಾನ ಬಂದು ವೆಲಿಮಿರ್ ಅದನ್ನೂ ಹೊಸದು ಹಾಕಿದರು. ಸರಿಯಾಗಿದೆಯೇ ಅಂತ ತಿಳಿಯುವುದು ಹೇಗೆ?

ಹಲಗೆಯಲ್ಲಿ ಬರೆದೆ: "ನೀರಲ್ಲಿ ಮುಳುಗಿಸಿ. ಗುಳ್ಳೆ ನೋಡೋಣ. ಗುಳ್ಳೆ ನನ್ನ ಕಸುಬು."

ಟ್ಯಾಂಕನ್ನು ಬಿಚ್ಚಿ, ಖಾಲಿ ಮಾಡಿ, ಚೆನ್ನಾಗಿ ತೊಳೆದು ನನ್ನ ಬಚ್ಚಲಿಗೆ ತಂದೆವು. ತೊಟ್ಟಿಯಲ್ಲಿ ನೀರು ತುಂಬಿ, ಒಂದು ಟ್ಯೂಬಿಗೆ ಸೈಕಲ್ ಪಂಪು ಸಿಕ್ಕಿಸಿ, ಇನ್ನೊಂದನ್ನು ಮಡಚಿ ಹಿಡಿದು, ಟ್ಯಾಂಕನ್ನು ಮುಳುಗಿಸಿದೆ. ವೆಲಿಮಿರ್ ಮೆಲ್ಲಗೆ ಪಂಪು ಒತ್ತಿದರು. ನಾನು ಕನ್ನಡಕ ಏರಿಸಿಕೊಂಡು ಒಂದೊಂದು ಮೂಲೆಯನ್ನೂ ನೋಡಿದೆ. ಒಂದು ಗುಳ್ಳೆಯೂ ಇಲ್ಲ. ಗೆದ್ದೆವು!

ಗೆದ್ದ ಸಂತೋಷಕ್ಕೆ ಕಾಫಿ ಮಾಡಿದೆ. ವೆಲಿಮಿರ್ ಅಡುಗೆಮನೆಯ ಮೇಜಿಗೆ ಕೂತು, ಸುತ್ತ ನೋಡಿ, "ಕೊ... ಕೊನೆಗೂ ಈ ಬಾಗಿಲು ದಾಟಿದೆ" ಅಂದರು. ಏನು ಅಂತ ಹುಬ್ಬು ಏರಿಸಿದೆ.

"ವಸಂತದಲ್ಲಿ ಬಂದಿದ್ದೆನಲ್ಲ, ನೆನಪಿಲ್ವಾ? ಬಾಗಿಲು ತಟ್ಟಿ, ನಾ... ನಾಳೆ... ಅಂದೆ. ನೀವು, 'ನಾಳೆ ನೆಲಮಾಳಿಗೆ ಕ್ಲೀನ್ ಮಾಡ್ತೀರಾ? ಸರಿ, ಮರೀಬೇಡಿ' ಅಂತ ಬಾಗಿಲು ಹಾಕ್ಕೊಂಡ್ರಿ."

ಹೌದು ಅಂತ ತಲೆಯಾಡಿಸಿದೆ. ಮಾರನೆಯ ದಿನ ಕ್ಲೀನ್ ಮಾಡಲಿಲ್ಲ ಅಂತ ಮೆಟ್ಟಿಲಲ್ಲಿ ನಿಂತು ಕೂಗಿದ್ದೂ ನೆನಪಿತ್ತು.

"ನಾಳೆ ನಮ್ಮ ಮನೆದೇವರ ಹಬ್ಬ, ಊಟಕ್ಕೆ ಬನ್ನಿ ಅಂತ ಹೇಳೋಕೆ ಬಂದಿದ್ದು. ಊರಿಗೆ ಹೊಸಬ, ಯಾರೂ ಗೊತ್ತಿರ್ಲಿಲ್ಲ. ಕುರಿ ಬೇರೆ ಬೇಯಿಸಿದ್ದೆ." ನಕ್ಕರು. "ಒಂದು ವಾರ ನಾನೊಬ್ಬನೇ ತಿಂದೆ."

ಅವರು ನಕ್ಕದ್ದು ಸಹಜವಾಗಿಯೇ ಇತ್ತು. ನನಗೆ ಮಾತ್ರ ಕಾಫಿ ಇಳಿಯಲಿಲ್ಲ. ತುಂಬ ಬಿಸಿ ಮಾಡಿದ್ದೆ ಅನ್ನಿಸುತ್ತದೆ.

ಸೆಪ್ಟೆಂಬರ್ 17, ಮಂಗಳವಾರ

ಟ್ಯಾಂಕನ್ನು ಮತ್ತೆ ಕೂಡಿಸಿ ಪೆಟ್ರೋಲ್ ತುಂಬಿದರು. ಸೋರುತ್ತಿದೆ.

ಸೆಪ್ಟೆಂಬರ್ 19, ಗುರುವಾರ

ಡಾಕ್ಟರಮ್ಮ ಗಂಟಲೊಳಗೆ ಕನ್ನಡಿ ಹಾಕಿ ನೋಡಿ, ಊತ ಇಳಿದಿಲ್ಲ, ಇನ್ನೂ ಸ್ವಲ್ಪ ದಿನ ಮೌನ ಅಂದರು. ಬಸ್ಸಿನಲ್ಲಿ ಬರುತ್ತಾ ಕಿಟಕಿ ಕಡೆ ಮುಖ ಮಾಡಿಕೊಂಡಿದ್ದೆ. ಕೊಳದಲ್ಲಿ ನನ್ನ ಬದಲಿಗೆ ಬಂದ ಹುಡುಗಿ ಮೈಕು ಹಿಡಿದು ಕಲಿಸುತ್ತಾಳಂತೆ. ಮೈಕು! ಇನ್ನು ನಾನು ಯಾಕೆ ಬೇಕು ಅವರಿಗೆ. ಧ್ವನಿ ಬರದೇ ಹೋದರೆ?

ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಏಳಲಿಲ್ಲ. ಮತ್ತೆ ತಟ್ಟಿದರು. ಆಮೇಲೆ ಬಾಗಿಲ ಆಚೆಯಿಂದಲೇ ವೆಲಿಮಿರ್ ಮಾತು.

"ಬಿಸೆರ್ಕಾ ಅವ್ರೇ. ತೆ... ತೆಗೀಬೇಡಿ, ಪರವಾಗಿಲ್ಲ. ಒಂದು ಮಾತು. ಶಾಲೇಲಿ ನಾನು ವರ್ಷಗಟ್ಲೆ ಬಾಯಿ ಬಿಡ್ಲಿಲ್ಲ. ಬಿಟ್ರೆ ನಗ್ತಿದ್ರು. ಆಗ ಏನು ಗೊತ್ತಾಯ್ತು ಅಂದ್ರೆ, ಮಾತಿಲ್ದೆ ಹೋದ್ರೂ ಮನುಷ್ಯ ಹಂಗೇ ಇರ್ತಾನೆ. ಎಲ್ಲೂ ಹೋಗಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಹಿಟ್ಟು ತಂದಿದ್ದೀನಿ. ಕೆಳಗೆ ಬನ್ನಿ."

ಹಿಟ್ಟು ಯಾಕೆ ಅಂತ ಯೋಚಿಸಿ ಯೋಚಿಸಿ ಇರಲಾರದೆ ಹೋದೆ.

ಬೇಕರಿಯ ನುಣ್ಣನೆಯ ಮೈದಾ. ಟ್ರಕ್ಕಿಗೆ ಬಿಗಿದಿದ್ದ ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿ, ಮೇಲೆಲ್ಲ ಒಣಗಿಸಿ ಒರೆಸಿ, ಜರಡಿಯಿಂದ ತೆಳ್ಳಗೆ ಹಿಟ್ಟು ಉದುರಿಸಿದರು. ಹುಟ್ಟುಹಬ್ಬದ ಕೇಕಿಗೆ ಸಕ್ಕರೆ ಪುಡಿ ಹಾಕುವ ಹಾಗೆ. "ಒದ್ದೆ ಎಲ್ಲಿದೆಯೋ ಅಲ್ಲಿ ಹಿಟ್ಟು ಕಪ್ಪಾಗುತ್ತೆ. ಹಿಟ್ಟು ಸುಳ್ಳು ಹೇಳಲ್ಲ." ಕಿಟಕಿ ತೆರೆದಿಟ್ಟು ಹೊರಗೆ ಅಂಗಳದಲ್ಲಿ ಕೂತು ಕಾದೆವು. ಅವರು ತಮ್ಮ ಬೇಕರಿ ಯಜಮಾನಿಯ ಕಥೆ ಹೇಳಿದರು. ಆಕೆ ಒಲೆಗೆ ದಿನಾ ನಮಸ್ಕಾರ ಹೇಳುತ್ತಾಳಂತೆ, ಕೆಲಸದವರಿಗೆ ಹೇಳುವುದಿಲ್ಲವಂತೆ. ಒಂದು ದಿನ ವೆಲಿಮಿರ್ ಒಲೆಯ ಹಿಂದೆ ಅಡಗಿಕೊಂಡು "ನ... ನಮಸ್ಕಾರ ತಾಯಿ" ಅಂದರಂತೆ. ಆಕೆ ಹಿಟ್ಟಿನ ಮೂಟೆಯ ಮೇಲೆ ಬಿದ್ದಳಂತೆ.

ಒಳಗೆ ಹೋಗಿ ನೋಡಿದರೆ ಟ್ಯಾಂಕಿನ ಹಿಂಬದಿಯಲ್ಲಿ, ಸ್ಕ್ರೂ ಹಾಕುವ ಕಿವಿಯ ಬುಡದಲ್ಲಿ, ಕೂದಲಿನಂಥ ಒಂದು ಕಪ್ಪು ಗೆರೆ.

ಅಲ್ಲಿಂದ ಸೋರುವುದಾದರೆ ನನ್ನ ಬಚ್ಚಲಲ್ಲಿ ಗುಳ್ಳೆ ಯಾಕೆ ಬರಲಿಲ್ಲ?

ಸೆಪ್ಟೆಂಬರ್ 20, ಶುಕ್ರವಾರ

ಹೊಳೆಯಿತು! ತರಕಾರಿ ಹೆಚ್ಚುತ್ತಿದ್ದೆ, ಚಾಕು ಅಲ್ಲೇ ಬಿಟ್ಟು ಇಳಿದೆ.

ಮಕ್ಕಳು ಈಜುವ ಕನ್ನಡಕದ ಪಟ್ಟಿಯನ್ನು ಬಿಗಿ ಮಾಡುತ್ತಾ ಹೋಗುತ್ತಾರೆ, ಬಿಗಿ ಮಾಡಿದಷ್ಟೂ ನೀರು ಒಳಗೆ ನುಗ್ಗುತ್ತದೆ. ಯಾಕೆಂದರೆ ಅತಿ ಬಿಗಿಯಾದರೆ ಚೌಕಟ್ಟು ಸೊಟ್ಟಗಾಗುತ್ತದೆ. ಟ್ಯಾಂಕು ಬಿಡಿಯಾಗಿದ್ದಾಗ ಬಿರುಕು ಮುಚ್ಚಿಕೊಂಡಿರುತ್ತದೆ. ಟ್ರಕ್ಕಿಗೆ ಸ್ಕ್ರೂ ಹಾಕಿ ಬಿಗಿದ ಕೂಡಲೇ ತೆರೆದುಕೊಳ್ಳುತ್ತದೆ!

ಇಷ್ಟನ್ನೂ ಹಲಗೆಯಲ್ಲಿ ಬರೆಯುವಷ್ಟು ತಾಳ್ಮೆ ಯಾರಿಗಿದೆ? ಮೂಕಾಭಿನಯ ಮಾಡಿದೆ. ಕಣ್ಣಿಗೆ ಬೆರಳಿನ ಕನ್ನಡಕ ಹಾಕಿಕೊಂಡು, ಪಟ್ಟಿ ಎಳೆದು, ಮುಖ ಸೊಟ್ಟ ಮಾಡಿ, ಕೈ ಬಡಿದು ಮುಳುಗಿದೆ.

ವೆಲಿಮಿರ್ ಗಂಭೀರವಾಗಿ ನೋಡಿದರು. "ಗೂಬೆ?"

ಅಲ್ಲ!

"ಗೂ... ಗೂಬೆಗೆ ತಲೆನೋವು?"

ಹಲಗೆಯಿಂದ ಹೊಡೆಯಬೇಕು ಅನ್ನಿಸಿತು. ಕೊನೆಗೆ ಬಿಚ್ಚಿ ಖಾಲಿ ಮಾಡಿಟ್ಟಿದ್ದ ಟ್ಯಾಂಕನ್ನೇ ಕಿತ್ತುಕೊಂಡು ಮೇಲೆ ಓಡಿದೆ. ಅವರು ಪಂಪು ಹಿಡಿದು ಹಿಂದೆ ಬಂದರು. ನೀರಿನಲ್ಲಿ ಮುಳುಗಿಸಿ, ಇವತ್ತು ಆ ಕಿವಿಯನ್ನು ಇಕ್ಕಳದಿಂದ ಹಿಡಿದು ತುಸು ತಿರುಚಿದೆ. ಗುಳ್ಳೆ! ಸೂಜಿ ಮೊನೆಯಂಥ ಗುಳ್ಳೆಗಳು, ದಾರದ ಹಾಗೆ ಸಾಲಾಗಿ ಮೇಲೆ ಬಂದವು. ಬಿಟ್ಟರೆ ನಿಂತವು. ತಿರುಚಿದರೆ ಮತ್ತೆ.

ವೆಲಿಮಿರ್ ಒದ್ದೆ ಕೈಯಲ್ಲೇ ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಬಿ... ಬಿ... ಬಿ..." ಅಂದರು. ನನ್ನ ಹೆಸರು ಪೂರ್ತಿ ಬರಲೇ ಇಲ್ಲ. ಇಬ್ಬರೂ ಬಚ್ಚಲ ನೆಲದ ಮೇಲೆ ಕೂತು, ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರು ಜೋರಾಗಿ ನಗಬಹುದಿತ್ತು. ನನಗೋಸ್ಕರ ಸದ್ದಿಲ್ಲದೆ ನಕ್ಕರು.

ಸೆಪ್ಟೆಂಬರ್ 26, ಗುರುವಾರ

ಆ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದಿಲ್ಲ, ಹೊಸ ಟ್ಯಾಂಕೇ ಬೇಕು. ಅದು ನೋವಿ ಸಾದಿನ ಬಸ್ಸಿನಲ್ಲಿ ನಿನ್ನೆ ಬರಬೇಕಿತ್ತು, ಇವತ್ತು ಬಂತು. ಟ್ರಕ್ಕಿನಲ್ಲಿ ಟ್ಯಾಂಕು ಕೂರುವ ತಗಡಿಗೆ ಅಳತೆಪಟ್ಟಿ ಇಟ್ಟು ನೋಡಿದೆವು. ಒಂದು ಕಡೆ ತುಸು ಬಾಗಿದೆ. ಅದಕ್ಕೇ ಹಳೆಯ ಟ್ಯಾಂಕು ತಿರುಚಿ ಬಿರುಕು ಬಿಟ್ಟದ್ದು. ಹೊಸದಕ್ಕೂ ಅದೇ ಗತಿಯಾಗಬಾರದಲ್ಲ? ತಗಡನ್ನು ಬಿಚ್ಚಿ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಿದರು. ನಾನು ಕೊಳದಲ್ಲಿ ಕಾಲಿಗೆ ಹಾಕುತ್ತಿದ್ದ ನನ್ನ ಹರಿದ ಈಜುಪಾದದಿಂದ ದಪ್ಪ ರಬ್ಬರ್ ವಾಷರುಗಳನ್ನು ಕತ್ತರಿಸಿ ಕಿವಿಗಳ ಕೆಳಗೆ ಮೆತ್ತೆ ಹಾಕಿದೆ. ಬೆರಳಿಂದ ತಿರುಗಿಸುವಷ್ಟೇ ಬಿಗಿ, ಸಾಕು.

ನಾಡಿದ್ದು ಸಭೆ. ಸ್ರೆದೊಯೆ ತಾತ ಮೆಟ್ಟಿಲಲ್ಲಿ ಹಿಡಿದು, "ಅಧ್ಯಕ್ಷರೇ, ಆಟಿಕೆಗೆ ಗಂಟುಮೂಟೆ ಕಟ್ಟಿಸಿದ್ರಾ?" ಅಂದರು.

ಆಟಿಕೆಯಂತೆ! ಇಪ್ಪತ್ತಾರು ಸಿಸಿ ಇಂಜಿನ್ನು ಇದೆ ನಮ್ಮ ಟ್ರಕ್ಕಿಗೆ.

ಸೆಪ್ಟೆಂಬರ್ 28, ಶನಿವಾರ

ಸಭೆ ಕೆಳಗಿನ ಹಜಾರದಲ್ಲಿ. ಎಲ್ಲ ಮನೆಯವರೂ ಬಂದಿದ್ದರು; ನಾನು ಕೂಗದೆ ಸಭೆ ಹೇಗೆ ನಡೆಸುತ್ತೇನೆ ಅಂತ ನೋಡಲು.

ಮೊದಲು ಅಂಗಳದಲ್ಲಿ ವೆಲಿಮಿರ್ ಟ್ಯಾಂಕು ತುಂಬಿಸಿ, ಹಗ್ಗ ಎಳೆದು ಇಂಜಿನ್ ಶುರು ಮಾಡಿ, ಟ್ರಕ್ಕನ್ನು ಕಸದ ತೊಟ್ಟಿಯ ಸುತ್ತ ಚೆನ್ನಾಗಿ ಕುಣಿಸಿದರು. ಅದು ತಣ್ಣಗಾದ ಮೇಲೆ ಒಳಗೆ ತಂದೆವು. ನಾನು ನನ್ನ ಅತ್ಯುತ್ತಮ ಬಿಳಿ ಹಾಸಿಗೆ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಅದರ ಮೇಲೆ ಟ್ರಕ್ಕು ಇಡಿಸಿದೆ. ಹಲಗೆಯಲ್ಲಿ ಬರೆದು ಎತ್ತಿ ಹಿಡಿದೆ: "ಸಭೆ ಮುಗಿಯುವುದರೊಳಗೆ ಒಂದು ಹನಿ ಬಿದ್ದರೂ ಟ್ರಕ್ಕು ಹೊರಗೆ."

ಅದಾದ ಮೇಲೆ ಯಾರು ಸಭೆ ಕೇಳುತ್ತಾರೆ? ಎಲ್ಲರ ಕಣ್ಣೂ ಬಟ್ಟೆಯ ಮೇಲೆ. ಸ್ರೆದೊಯೆ ತಾತ ಮೇಜಿಗೆ ಬಾಗಿ, ಟಾರ್ಚು ಬಿಟ್ಟು, ಮೂಸಿ ನೋಡಿದರು. ಮೀಸೆ ಚಕ್ರಕ್ಕೆ ತಾಗಿತು.

ವೆಲಿಮಿರ್ ಎದ್ದು ನಿಂತರು. ಕಾಗದದಲ್ಲಿ ಬರೆದುಕೊಂಡು ಬರಬಹುದಿತ್ತು, ಬರಲಿಲ್ಲ. "ಎಲ್ರಿಗೂ ತೊಂದರೆ ಆಗಿದೆ. ಇನ್ಮೇಲೆ ನನ್ನ ಪೆ... ಪೆ... ಪೆ..."

"ಪೆಟ್ರೋಲ್! ಪೆಟ್ರೋಲ್ ಇಲ್ಲೇ ಇಡ್ತೀನಿ ಅಂತಾನೆ!" ಸ್ರೆದೊಯೆ ತಾತ ಕೂಗಿದರು.

ಕೊಳದ ಅಂಚಿನಲ್ಲಿ ಓಡುವ ಮಕ್ಕಳನ್ನು ನಿಲ್ಲಿಸುವ ಹಾಗೆ ಅಂಗೈ ಚಾಚಿದೆ. ತಾತ ಅರ್ಧ ಬಾಯಿ ತೆರೆದವರು ಹಾಗೇ ನಿಂತರು. ಯಾರೋ ಕೆಮ್ಮಲು ಹೋಗಿ ನನ್ನ ಮುಖ ನೋಡಿ ನುಂಗಿಕೊಂಡರು.

"ಪೆ... ಪೆಟ್ಟಿಗೆ," ಅಂದರು ವೆಲಿಮಿರ್. "ಕಬ್ಬಿಣದ ಪೆಟ್ಟಿಗೆ ಮಾಡಿಸಿದ್ದೀನಿ, ಅಂಗಳದ ಆಚೆ ಗೋಡೆಗೆ. ಪೆಟ್ರೋಲ್ ಡಬ್ಬ ಅಲ್ಲೇ ಇರುತ್ತೆ, ಕಟ್ಟಡದೊಳಗೆ ಬರಲ್ಲ. ಟ್ರಕ್ಕನ್ನೂ ಇವತ್ತಿನ ದಿನ ಬಿಟ್ರೆ ಟ್ಯಾಂಕು ಖಾಲಿ ಮಾಡೇ ಒಳಗೆ ತರ್ತೀನಿ. ಬೀಗದ ಕೈ ಒಂದು ನನ್ನ ಹತ್ರ, ಒಂದು ಅಧ್ಯಕ್ಷರ ಹತ್ರ."

ಇಷ್ಟು ಉದ್ದ ಅವರು ಮಾತಾಡಿದ್ದನ್ನು ಕಟ್ಟಡದ ಬೇರೆ ಯಾರೂ ಕೇಳಿರಲಿಲ್ಲ. ಎರಡನೇ ಮಹಡಿಯವರು ಚಪ್ಪಾಳೆ ತಟ್ಟಿಬಿಟ್ಟರು.

ಟ್ರಕ್ಕು ಎತ್ತಿದೆವು. ಬಟ್ಟೆ ಹಾಲಿನಂತೆ ಬಿಳಿ. ಒಣಗಿದ ಕೆಸರು ಸ್ವಲ್ಪ, ಅಷ್ಟೇ.

ಟ್ರಕ್ಕು ಇರಲಿ ಅಂತ ಎಲ್ಲರೂ ಕೈ ಎತ್ತಿದರು. ಸ್ರೆದೊಯೆ ತಾತ ಕೊನೆಗೆ ಎತ್ತಿದರು, ಎತ್ತಿದ ಕೈ ಇಳಿಸದೆ ಕೇಳಿದರು: "ಅಲ್ಲಯ್ಯಾ, ಆ ರಿಮೋಟು ಒಂದ್ಸಲ ನನ್ನ ಕೈಗೆ ಕೊಡ್ತೀಯಾ?"

ಅಕ್ಟೋಬರ್ 2, ಬುಧವಾರ

ನೆಲ ಒಣಗಿತಂತೆ. ಮೆಲ್ಲಗೆ, ಸ್ವಲ್ಪ ಸ್ವಲ್ಪ ಮಾತಾಡಬಹುದಂತೆ. ಕೂಗುವುದು ಇನ್ನು ಜನ್ಮದಲ್ಲಿ ಬೇಡ ಅಂದರು ಡಾಕ್ಟರಮ್ಮ. ಕೊಳದವರಿಗೆ ನನಗೂ ಒಂದು ಮೈಕು ತೆಗೆದಿಡಿ ಅಂತ ತಿಳಿಸಿದ್ದೇನೆ. ಒಳ್ಳೆಯ ಸಾಧನ ಅದು.

ವಿದಾಗೆ ಫೋನು ಮಾಡಿ "ವಿದಾ" ಅಂದೆ. ಧ್ವನಿ ತುಸು ಒರಟು, ಆದರೆ ನನ್ನದೇ. ಅವಳು ಅತ್ತಳು. ಆಮೇಲೆ ಅವಳ ಸೊಸೆಯ ಜಗಳ, ಅಯ್ವಾರ್ ತಳ ಹಿಡಿದದ್ದು, ಮಂಡಿನೋವು, ಎಲ್ಲ ಹೇಳಿದಳು. ಕೊನೆಗೆ ಗಪ್ಪನೆ ನಿಲ್ಲಿಸಿ, "ಅಕ್ಕಾ, ಇದ್ದೀಯೇನೇ?" ಅಂದಳು.

"ಇದ್ದೀನಿ."

"ಮಾತೇ ಆಡ್ತಿಲ್ಲ?"

"ಕೇಳ್ತಿದ್ದೀನಿ ಕಣೇ. ಮಂಡಿನೋವು, ಆಮೇಲೆ?"

"ಗಂಟಲಲ್ಲಿ ಗಂಟು ಮಾತ್ರಾನೇ ತೆಗೆದದ್ದಾ ಅವ್ರು?" ಅಂದಳು. ವಿದಾಗೆ ಈಚೆಗೆ ಏನೋ ಆಗಿದೆ.

ಅಕ್ಟೋಬರ್ 6, ಭಾನುವಾರ

ಊರಾಚೆ ಬೀಟ್‌ರೂಟ್ ಹೊಲದ ಪಕ್ಕದ ಮಣ್ಣಿನ ಬಯಲಿನಲ್ಲಿ ಟ್ರಕ್ಕುಗಳ ಸ್ಪರ್ಧೆ. ಬೇಕರಿಯ ವ್ಯಾನಿನಲ್ಲಿ ಹೋದೆವು. ವೆಲ್ಯಾ (ಅಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ) ಎತ್ತರದ ಅಟ್ಟಣೆಯ ಮೇಲೆ ನಿಂತು ರಿಮೋಟಿನಲ್ಲಿ ಓಡಿಸಿದರು. ಪೆಟ್ರೋಲ್ ತುಂಬುವುದು, ಮಗುಚಿದರೆ ಓಡಿಹೋಗಿ ನೆಟ್ಟಗೆ ನಿಲ್ಲಿಸುವುದು ನನ್ನ ಕೆಲಸ. ದೊಡ್ಡ ತಿರುವಿನಲ್ಲಿ ಎರಡು ಸಲ ಮಗುಚಿತು. ಎರಡು ಸಲವೂ ಕೆಸರಿನಲ್ಲಿ ಓಡಿದೆ. ಈಜುಗಾರ್ತಿಯ ಕಾಲುಗಳು ಇನ್ನೂ ಚೆನ್ನಾಗಿವೆ.

ಕೊನೆಯಿಂದ ಎರಡನೆಯವರಾಗಿ ಬಂದೆವು. ಆದರೆ ಕೊನೆಯ ತನಕ ಓಡಿತು. ಟ್ಯಾಂಕಿನ ಸುತ್ತ ಬೆರಳಾಡಿಸಿ ನೋಡಿದೆ: ಮಣ್ಣು, ಮಣ್ಣು, ಒಣಗಿದ ಮಣ್ಣು.

ಬಿಸಿಬಿಸಿ ಬೀನ್ಸ್ ಸಾರಿನ ಹಂಡೆಯ ಹತ್ತಿರ ಟ್ರಕ್ಕು ಕ್ಲಬ್ಬಿನ ಒಬ್ಬ ದಡಿಯ ಕೇಳಿದ, "ವೆಲ್ಯಾ, ಯಾರಯ್ಯಾ ಇವ್ರು?"

"ಇವರು ನನ್ನ..." ಅಂದರು ವೆಲ್ಯಾ. "ನ... ನನ್ನ..."

ನಾಲ್ಕಾರು ಪದ ನನ್ನ ನಾಲಗೆ ತುದಿಯಲ್ಲೇ ಇದ್ದವು. ಮಾತಾಡಲು ಅಪ್ಪಣೆಯೂ ಇತ್ತು. ಆದರೆ ಅವರು ಏನನ್ನುತ್ತಾರೋ ನನಗೇ ಕೇಳಬೇಕಿತ್ತು. ತಟ್ಟೆ ಹಿಡಿದು ಕಾದೆ. ಸಾರು ಆರಿತು.

"ಮೆಕ್ಯಾನಿಕ್ಕು," ಅಂದರು ಕೊನೆಗೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಿಂದಿರುಗುವಾಗ ಜೋಳ ತುಂಬಿದ ಟ್ರ್ಯಾಕ್ಟರೊಂದು ಮುಂದೆ ಆಮೆಯಂತೆ ಹೋಗುತ್ತಿತ್ತು. ವೆಲ್ಯಾ ಅದನ್ನು ದಾಟಲು ನೋಡಲೇ ಇಲ್ಲ.

"ಬಿಸಾ," ಅಂದರು. ಹಾಗೆ ಕರೆದದ್ದು ಇದೇ ಮೊದಲು. "ಅಲ್ಲಿ ನಾನು ಪೂರ್ತಿ ಹೇಳ್ಲಿಲ್ಲ."

"ನಿಧಾನಕ್ಕೆ ಹೇಳಿ," ಅಂದೆ. "ಏನೂ ಅವಸರ ಇಲ್ಲ."

ಸಕ್ಕರೆ ಕಾರ್ಖಾನೆಯ ಹತ್ತಿರ ಶುರು ಮಾಡಿದರು. ರೈಲ್ವೆ ಗೇಟು ಬಂತು, ಗೇಟು ಬಿತ್ತು, ಗೂಡ್ಸು ಗಾಡಿ ಹೋಯಿತು. ನಾನು ಕಿಟಕಿ ಗಾಜು ಏರಿಸಿ, ಅವರ ಕಡೆ ತಿರುಗಿ ಕೂತಿದ್ದೆ. ಗೇಟು ಎತ್ತಿದಾಗ ಅವರ ಮಾತು ಮುಗಿಯಿತು.

"ನೀವು ಪಕ್ಕದಲ್ಲಿ ಇದ್ರೆ ನನಗೆ ಮಾತು ಬರುತ್ತೆ. ಅದಕ್ಕೇ... ನೀವು ಪಕ್ಕದಲ್ಲೇ ಇರಬೇಕು ಅಂತ."

ಹಿಂದಿನ ಕಾರಿನವನು ಹಾರನ್ ಹೊಡೆದ. ನಾನು ಉತ್ತರ ಹೇಳಲು ಬಾಯಿ ತೆರೆದೆ; ಗಂಟಲು ಕಟ್ಟಿ ಒಂದು ಅಕ್ಷರವೂ ಹೊರಡಲಿಲ್ಲ. ಗೇರಿನ ಮೇಲಿದ್ದ ಅವರ ಕೈಯನ್ನು ಮನೆ ಬರುವ ತನಕ ಹಿಡಿದುಕೊಂಡೆ. ಗೇರು ಹಾಕುವಾಗಲೆಲ್ಲ ಇಬ್ಬರೂ ಸೇರಿಯೇ ಹಾಕಿದೆವು.

ಗಂಟಲಿನದು ಏನೋ ಗೊತ್ತಾಗಲಿಲ್ಲ. ಬೆಳಿಗ್ಗೆಯೆಲ್ಲ ಚೆನ್ನಾಗಿತ್ತು. ನಾಳೆ ಡಾಕ್ಟರಮ್ಮನಿಗೆ ತೋರಿಸಬೇಕು.